ಬಾಗೇವಾಡಿಯಿಂದ ತಂಗಡಗಿಗೆ: ಕಥೆಯಲ್ಲಿ ಮನೆಯವರ ಮಾತು

ಶ್ರಾವಣ ಮಾಸ ಬಂದಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಪುರಾಣ ಹಚ್ಚುವ ರೂಢಿಯುಂಟು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಜನರು ರಾತ್ರಿ ರೊಟ್ಟಿ ಉಂಡು, ಮಠದ ಅಂಗಳದಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಬಂದು ಕೂಡುವರು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು. ಶಾಸ್ತ್ರಿಗಳು ಅದರ ಅರ್ಥವನ್ನು ಬಿಡಿಸಿ ಹೇಳುವರು. ಗಂಡಸರು ಒಂದು ಬದಿಗೆ, ಹೆಂಗಸರು ಮಕ್ಕಳು ಇನ್ನೊಂದು ಬದಿಗೆ. ತಿಂಗಳು ತುಂಬಿದ ಮೇಲೆ ಮಂಗಲ, ಪ್ರಸಾದ. ಅಕ್ಷರ ಬಾರದವರು ಕೂಡ ಬಸವಣ್ಣನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲರೆಂದರೆ ಅದು ಈ ಪುರಾಣ ಶ್ರವಣದ ಫಲವೇ ಸರಿ.

ನಾನು ಚಿಕ್ಕವನಿದ್ದಾಗ ಇಂಥದೊಂದು ಪುರಾಣದಲ್ಲಿ ಕೇಳಿದ ಮಾತು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಅಂದು ಸೀರೆಯ ಪ್ರಸಂಗವು ನಡೆದಿತ್ತು. ಒಬ್ಬ ಜಂಗಮನು ತಾನು ಮೆಚ್ಚಿದ ವೇಶ್ಯೆಗಾಗಿ ಬಸವಣ್ಣನ ಮಡದಿ ಉಟ್ಟ ಸೀರೆಯನ್ನೇ ಬೇಡುತ್ತಾನೆ. ಜಂಗಮನು ಬೇಡಿದುದನ್ನು ಇಲ್ಲವೆನ್ನಬಾರದೆಂಬ ನೇಮದ ಬಸವಣ್ಣನು ಅದನ್ನು ಕೊಡುತ್ತಾನೆ. ಒಂದನ್ನು ಬಿಚ್ಚಿದರೆ ಒಳಗೆ ಇನ್ನೊಂದು, ಅದನ್ನು ಬಿಚ್ಚಿದರೆ ಮತ್ತೊಂದು. ಸೀರೆಗೆ ಕೊನೆಯೇ ಇಲ್ಲ. ಶಾಸ್ತ್ರಿಗಳು ಈ ಪವಾಡವನ್ನು ಬಣ್ಣಿಸಿ ಮುಗಿಸುವಷ್ಟರಲ್ಲಿ ಹೆಂಗಸರ ಬದಿಯಿಂದ ಮುದುಕಿಯೊಬ್ಬಳು ಕೇಳಿದಳು: “ಅಪ್ಪಾರ, ಬೇಡಿದಾಂವ ಬೇಡಿದ, ಕೊಡಾಂವ ಕೊಟ್ಟ. ಉಟ್ಟಾಕಿನ್ನ ಯಾರರೆ ಒಂದು ಮಾತು ಕೇಳಿದ್ರೇನ್ರಿ?” ಶಾಸ್ತ್ರಿಗಳು ನಕ್ಕು, “ಶಿವ ಕೇಳಿದ್ನಲ್ಲವ್ವಾ, ಅದಕ್ಕ ಸೀರಿ ಮುಗೀಲಿಲ್ಲ” ಎಂದರು. ಮುದುಕಿ ಸುಮ್ಮನಾಗಲಿಲ್ಲ. “ಶಿವ ಕೇಳಿದ್ದು ಖರೇರಿ. ಗಂಡ ಕೇಳಬೇಕಿತ್ತಲ್ಲ” ಎಂದಳು. ಸಭೆ ನಕ್ಕಿತು, ಪುರಾಣವು ಮುಂದೆ ಸಾಗಿತು.

ಸಾಹಿತ್ಯ ವಿಮರ್ಶೆಯೆಂಬ ದೊಡ್ಡ ಹೆಸರಿನ ವಿದ್ಯೆಯು ಈ ಮುದುಕಿಯ ಪ್ರಶ್ನೆಗಿಂತ ಬಹಳ ದೂರದ್ದಲ್ಲ. ಕಥೆಯ ನಾಯಕನು ದೊಡ್ಡವನೆಂಬುದನ್ನು ಒಪ್ಪಿಕೊಂಡೇ, ಅವನ ದೊಡ್ಡತನದ ಭಾರವು ಯಾರ ಮೇಲೆ ಬಿತ್ತೆಂದು ಕೇಳುವದೇ ಪಾತ್ರಪರೀಕ್ಷೆಯ ಮೊದಲ ಪಾಠ. ಬಸವಣ್ಣನವರ ಚರಿತ್ರೆಯು ಬೇರೆ, ಕವಿಗಳು ಕಂಡ ಬಸವಣ್ಣನ ಪಾತ್ರವು ಬೇರೆ. ಮೊದಲನೆಯದು ಇತಿಹಾಸಕಾರರ ಕೆಲಸ. ಎರಡನೆಯದು ಓದುವವರೆಲ್ಲರಿಗೂ ಸೇರಿದ್ದು. ಇಲ್ಲಿ ಕಾವ್ಯದ ಪಾತ್ರವನ್ನು ಏಕವಚನದಿಂದ ಕರೆದಿದ್ದರೆ ಅದು ಸಲುಗೆಯೇ ಹೊರತು ಅಗೌರವವಲ್ಲವೆಂದು ವಾಚಕರು ತಿಳಿಯಬೇಕು.

ಮನೆ ಬಿಟ್ಟ ಬಾಲಕ

ಬಸವಣ್ಣನ ಕಥೆಯನ್ನು ಹೇಳಿದ ಕನ್ನಡ ಕವಿಗಳಲ್ಲಿ ಹಂಪೆಯ ಹರಿಹರನು ಮೊದಲಿಗನು. ಅವನ ‘ಬಸವರಾಜದೇವರ ರಗಳೆ’ಯು ಬಸವಣ್ಣನವರ ಕಾಲಕ್ಕೆ ಹತ್ತಿರದ ಕೃತಿ, ರಗಳೆಯೂ ಗದ್ಯವೂ ಒಂದಾದ ಮೇಲೊಂದು ಬರುವ ಅಪೂರ್ವ ರಚನೆ. ಬಿಜಾಪುರದಲ್ಲಿ ವಕೀಲರಾಗಿದ್ದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದ ಫ. ಗು. ಹಳಕಟ್ಟಿಯವರು ವಚನಗಳನ್ನು ಹೇಗೋ ಹಾಗೆಯೇ ಹರಿಹರನ ರಗಳೆಗಳನ್ನೂ ನಮ್ಮ ಜನರ ಕೈಗೆ ಮುಟ್ಟಿಸಲು ದುಡಿದರು. ಆ ಮೇಲಿನದು ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’. ಅದನ್ನು ಆಧಾರವಾಗಿಟ್ಟುಕೊಂಡು ಭೀಮಕವಿಯು ೧೩೬೯ರಲ್ಲಿ ಕನ್ನಡ ‘ಬಸವಪುರಾಣ’ವನ್ನು ಬರೆದನು. ಹಳ್ಳಿಗಳಲ್ಲಿ ಪುರಾಣವಾಗಿ ನಡೆದು ಬಂದ ಕಥೆಯಲ್ಲಿ ಈ ಎರಡನೆಯ ಧಾರೆಯೇ ಹೆಚ್ಚು.

ಎರಡೂ ಧಾರೆಗಳಲ್ಲಿ ಬಾಲಕನು ಬಾಗೇವಾಡಿಯ ಮನೆಯನ್ನು ಬಿಟ್ಟು ಹೋಗುತ್ತಾನೆ. ಆದರೆ ಹೋಗುವ ಬಗೆ ಬೇರೆ. ಪುರಾಣದಲ್ಲಿ ಬಾಲಕನು ತನಗೆ ಉಪನಯನ ಬೇಡವೆಂದು ತಂದೆಯಾದ ಮಾದಿರಾಜನೊಡನೆ ವಾದಿಸುತ್ತಾನೆ. ತಂದೆ ಒಪ್ಪದಿರಲು ಅಕ್ಕ ನಾಗಮ್ಮನೊಡನೆ ಮನೆಯಿಂದ ಹೊರಬೀಳುತ್ತಾನೆ. ಎಂಟು ವರುಷದ ಮಗುವು ಶಾಸ್ತ್ರ ತಿಳಿದ ತಂದೆಯನ್ನು ಮಾತಿನಲ್ಲಿ ಗೆಲ್ಲುವದು ಹೇಗೆ? ಪುರಾಣಕಾರನ ಉತ್ತರವು ಸಿದ್ಧವಾಗಿಯೇ ಇದೆ: ಅವನು ಮಗುವಲ್ಲ, ನಂದಿಯ ಅವತಾರ. ತಂದೆಯ ಕೋಪ, ತಾಯಿಯ ಕಣ್ಣೀರು, ಬರಿದಾದ ಮನೆ, ಇವೆಲ್ಲವೂ ಅವತಾರವೆಂಬ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತವೆ.

ಹರಿಹರನ ಬಾಲಕನು ಇನ್ನೊಂದು ಬಗೆಯವನು. ಅವನಿಗೆ ವಾದಿಸಲು ತಂದೆಯೇ ಇಲ್ಲ; ತಂದೆತಾಯಿಗಳು ಗತಿಸಿದ ಮೇಲೆ ಅಜ್ಜಿಯ ಮಡಿಲಲ್ಲಿ ಬೆಳೆದವನು. ಅವನ ಜಗಳವೆಲ್ಲ ತನ್ನೊಡನೆಯೇ. ಶಿವಭಕ್ತಿಯೂ ಕರ್ಮದ ಕಟ್ಟೂ ಒಂದೇ ಮನೆಯಲ್ಲಿ ಬಾಳಲಾರವೆಂದು ತನ್ನೊಳಗೆ ತಾನೇ ತೂಗಿ ನೋಡಿ, ಜನಿವಾರವನ್ನು ತೆಗೆದುಹಾಕಿ, ಒಬ್ಬನೇ ಸಂಗಮದ ಹಾದಿ ಹಿಡಿಯುತ್ತಾನೆ. ಹರಿಹರನೂ ಅವತಾರದ ಚೌಕಟ್ಟನ್ನು ಬಿಟ್ಟಿಲ್ಲ. ಆದರೆ ಅವನ ಚೌಕಟ್ಟಿನಲ್ಲಿ ಒಂದು ಸೊಗಸಿದೆ. ಕೈಲಾಸದಲ್ಲಿ ಶಿವನು ಕೊಟ್ಟ ಪ್ರಸಾದದ ಹೂವನ್ನು ವೃಷಭಮುಖನೆಂಬ ಗಣನು ಎಲ್ಲರಿಗೂ ಹಂಚಿದೆನೆಂದು ಹೇಳುತ್ತಾನೆ. ಆದರೆ ಷಣ್ಮುಖನೊಬ್ಬನಿಗೆ ಅದು ಮುಟ್ಟಿಲ್ಲ. ಆ ತಪ್ಪಿಗಾಗಿಯೇ ಅವನಿಗೆ ಭೂಲೋಕದ ಜನ್ಮ ಬರುತ್ತದೆ. ಒಬ್ಬನಿಗೆ ಪಾಲು ತಪ್ಪಿಸಿದ ದೋಷಕ್ಕಾಗಿ ಹುಟ್ಟಿದವನು, ಯಾರೊಬ್ಬರಿಗೂ ಪಾಲು ತಪ್ಪದಂತೆ ಹಂಚುವದಕ್ಕೇ ತನ್ನ ಆಯುಷ್ಯವನ್ನೆಲ್ಲ ಸವೆಸುತ್ತಾನೆ. ಇಡೀ ಪಾತ್ರದ ಬೀಜವನ್ನು ಕವಿಯು ಒಂದು ಹೂವಿನಲ್ಲಿ ಇಟ್ಟಿದ್ದಾನೆ. ಇದನ್ನು ಕಂಡ ಓದುಗನಿಗೆ ಬಸವಣ್ಣನ ದಾನಶೀಲತೆಯು ಬರಿಯ ಗುಣವರ್ಣನೆಯಾಗಿ ಉಳಿಯುವದಿಲ್ಲ. ಹಿಂದಿನ ಸಾಲವನ್ನು ತೀರಿಸುವವನ ತವಕವು ಅದರಲ್ಲಿ ಕಾಣುತ್ತದೆ.

ಸಂಗಮದಲ್ಲಿ ಅವನಿಗೆ ನೆಲೆ ಸಿಗುತ್ತದೆ. ಅಲ್ಲಿಂದಲೂ ಹೊರಡಬೇಕೆಂದು, ಬಿಜ್ಜಳನ ಮಂಗಳವಾಡಕ್ಕೆ ಹೋಗಬೇಕೆಂದು ದೇವರು ಕನಸಿನಲ್ಲಿ ಹೇಳಿದಾಗ ಹರಿಹರನ ಬಸವನು ವೀರನಂತೆ ಎದ್ದು ನಡೆಯುವದಿಲ್ಲ. ಅಳುತ್ತಾನೆ, ದೇವರ ಮೇಲೆ ಮುನಿಯುತ್ತಾನೆ, ತವರು ಬಿಡುವ ಹೆಣ್ಣುಮಗಳಂತೆ ಹಲುಬುತ್ತಾನೆ. ಮೊದಲ ಮನೆಯನ್ನು ಬಿಡುವಾಗ ಬಾರದ ಕಣ್ಣೀರು ಇಲ್ಲಿ ಬರುತ್ತದೆ. ಮಂಗಳವಾಡವೆಂದರೆ ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಡೆ. ಸಂಗಮವು ಕೃಷ್ಣೆಯ ದಡದ್ದು, ಮಂಗಳವೇಡೆಯು ಭೀಮೆಯ ಕಡೆಯದು. ಅತ್ತು ಹೊರಟ ಆ ತರುಣನ ಹಾದಿಯು ಈ ಎರಡು ಹೊಳೆಗಳ ನಡುವಿನ ನಮ್ಮ ಜೋಳದ ಸೀಮೆಯನ್ನು ಹಾಯ್ದೇ ಹೋಗಿರಬೇಕು.

ಭಾಂಡಾರದ ಲೆಕ್ಕ

ಮಂಗಳವಾಡದಲ್ಲಿ ಅವನು ಮೊದಲು ಕಾಣಿಸಿಕೊಳ್ಳುವದು ಲೆಕ್ಕದ ಚಾವಡಿಯಲ್ಲಿ. ಕರಣಿಕರ ಲೆಕ್ಕದೊಳಗಿನ ತಪ್ಪನ್ನು ತೋರಿಸಿಕೊಟ್ಟು ಉದ್ಯೋಗ ಪಡೆಯುತ್ತಾನೆ, ಮುಂದೆ ಭಂಡಾರಿಯಾಗುತ್ತಾನೆ. ಭಕ್ತನನ್ನು ಕವಿಯು ಗಣಿತದಲ್ಲಿ ಪರೀಕ್ಷಿಸಿದ್ದು ಗಮನಿಸತಕ್ಕ ಸಂಗತಿ. ಪರರ ಹಣವನ್ನು ಕಾಯುವವನು ಮೊದಲು ಕೂಡಿಸುವದನ್ನೂ ಕಳೆಯುವದನ್ನೂ ಬಲ್ಲವನಾಗಿರಬೇಕು.

ಇಲ್ಲಿಯೇ ಆ ಪ್ರಸಿದ್ಧ ದೂರು ಬರುತ್ತದೆ. ಬಸವಣ್ಣನು ಅರಸನ ಭಾಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಬಿಜ್ಜಳನ ಕಿವಿಯಲ್ಲಿ ಊದುವರು. ಅರಸನು ಬಂದು ಪೆಟ್ಟಿಗೆಗಳನ್ನು ತೆಗೆಸಿ ನೋಡುತ್ತಾನೆ. ಹಣವು ಪೂರ್ತಿಯಾಗಿದೆ, ಅದು ಶಿವನ ಕೃಪೆಯೆಂದು ಹಳೆಯ ಕಥೆ ಹೇಳುತ್ತದೆ. ಕೇಳುವವನಿಗೆ ಆನಂದವಾಗುವದು ನಿಜ. ಆದರೆ ಒಂದು ಸಂಶಯವೂ ಉಳಿಯುತ್ತದೆ. ಹಣವು ಪವಾಡದಿಂದ ತುಂಬಿತೆಂದರೆ ಅದಕ್ಕೂ ಮೊದಲು ಬರಿದಾಗಿತ್ತೆಂದು ಅರ್ಥವಾಗುವದಿಲ್ಲವೇ? ನಾಯಕನ ಪ್ರಾಮಾಣಿಕತೆಯನ್ನು ಕಾಯಲು ಬಂದ ಪವಾಡವೇ ಅದನ್ನು ಸಂಶಯಕ್ಕೆ ಒಡ್ಡಿತಲ್ಲ!

ಸುಮಾರು ಎಂಟು ಶತಮಾನಗಳ ನಂತರ ಇದೇ ಪ್ರಸಂಗವನ್ನು ಗಿರೀಶ ಕಾರ್ನಾಡರು ‘ತಲೆದಂಡ’ (೧೯೯೦) ನಾಟಕದಲ್ಲಿ ಮತ್ತೆ ತೆಗೆದುಕೊಂಡರು. ಈ ನಾಟಕಕ್ಕೆ ೧೯೯೪ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಲ್ಲಿ ಭಾಂಡಾರದ ಬಾಗಿಲು ತೆಗೆಸುವವನು ಬಿಜ್ಜಳನ ಮಗ ಸೋವಿದೇವ. ಎಣಿಸಿ ನೋಡಿದರೆ ಹಣವು ಸರಿಯಾಗಿದೆ. ಹೊರಗೆ ನೆರೆದ ಜನರು ಇದು ಪವಾಡವೆಂದು ಕೊಂಡಾಡುತ್ತಾರೆ. ಅದನ್ನು ಕೇಳಿ ಬಸವಣ್ಣನಿಗೆ ಸಂತೋಷವಾಗುವದಿಲ್ಲ, ಸಂಕಟವಾಗುತ್ತದೆ. ಲೆಕ್ಕವು ಸರಿಯಿರುವದನ್ನು ಜನರು ಪವಾಡವೆನ್ನುವ ಕಾಲ ಬಂದಿತೆಂದರೆ ಆ ಜನರು ಸರಿಯಾದ ಲೆಕ್ಕವನ್ನು ಎಂದೂ ಕಂಡಿಲ್ಲವೆಂದಾಯಿತು. ನಾಟಕಕಾರರು ಪವಾಡವನ್ನು ತೆಗೆದುಹಾಕಿದರೂ ಪಾತ್ರವು ಸಣ್ಣದಾಗಲಿಲ್ಲ, ಇನ್ನಷ್ಟು ಎತ್ತರವಾಯಿತು. ಹರಿಹರನು ಲೆಕ್ಕದ ಚಾವಡಿಯಲ್ಲಿ ನಿಲ್ಲಿಸಿದ ಆ ಗಣಿತಜ್ಞ ತರುಣನೇ ಇಲ್ಲಿ ಮರಳಿ ಬಂದನೆಂದು ಹೇಳಬಹುದು.

ಇದರಿಂದ ಒಂದು ಸೂತ್ರವು ದೊರೆಯುತ್ತದೆ. ಹಳೆಯ ಕಥೆಯಲ್ಲಿ ಎಲ್ಲಿ ಪವಾಡವು ಬರುತ್ತದೆಯೋ ಅಲ್ಲಿ ಒಂದು ಪ್ರಶ್ನೆಯು ಇದ್ದೇ ಇತ್ತು. ಕವಿಗೂ ಆ ಪ್ರಶ್ನೆ ಹೊಳೆದಿತ್ತು. ಮನುಷ್ಯರ ಬಾಯಿಂದ ಉತ್ತರ ಹೇಳಿಸಲಾರದೆ ಅವನು ದೇವರನ್ನು ಕರೆದನು. ಆದುದರಿಂದ ಪವಾಡವನ್ನು ನಂಬುವೆವೋ ಬಿಡುವೆವೋ ಎಂಬ ಜಗಳವು ಓದುಗನಿಗೆ ದೊಡ್ಡದಲ್ಲ. ಪವಾಡವು ಯಾವ ಪ್ರಶ್ನೆಯ ಮೇಲೆ ಹೊದಿಸಿದ ಸೆರಗು ಎಂಬುದನ್ನು ಅವನು ನೋಡಬೇಕು.

ತಂಗಡಗಿಯ ಉತ್ತರ

ಈಗ ಮುದುಕಿಯ ಪ್ರಶ್ನೆಗೆ ಮರಳೋಣ. ಸೀರೆಯ ಪ್ರಸಂಗದಲ್ಲಿ ಮಡದಿಗೆ ಮಾತಿಲ್ಲ. ಜಂಗಮನಿಗೆ ಆಸೆಯಿದೆ, ಗಂಡನಿಗೆ ನೇಮವಿದೆ, ದೇವರಿಗೆ ಕರುಣೆಯಿದೆ. ಅವಳಿಗೆ ಮಾತ್ರ ಸೀರೆಯೊಂದೇ. ಪುರಾಣಕಾರನಿಗೆ ಇದರ ಅಳುಕು ಇರಲಿಲ್ಲವೆನ್ನಲಾಗದು. ಅಳುಕು ಇದ್ದುದರಿಂದಲೇ ಸೀರೆಯನ್ನು ಮುಗಿಯಗೊಡಲಿಲ್ಲ. ದ್ರೌಪದಿಯ ಅಕ್ಷಯ ವಸ್ತ್ರವು ಅವನ ನೆನಪಿನಲ್ಲಿ ಇದ್ದಿರಲೇಬೇಕು. ಆದರೆ ಅಲ್ಲಿ ಸೆರಗಿಗೆ ಕೈಹಾಕಿದವನು ಶತ್ರು, ಇಲ್ಲಿ ಸೀರೆ ಕೊಡುವವನು ಗಂಡ. ಅಲ್ಲಿ ದ್ರೌಪದಿಯು ಸಭೆಯನ್ನೇ ಪ್ರಶ್ನಿಸಿದಳು, ಇಲ್ಲಿ ಮಡದಿಯು ಬಾಯಿ ತೆರೆಯಲಿಲ್ಲ. ಈ ಎರಡು ಭೇದಗಳನ್ನು ಅಕ್ಷರ ಬಾರದ ಮುದುಕಿಯು ಗುರುತಿಸಿದಳು.

ಹಾಗಾದರೆ ಬಸವಣ್ಣನ ಮಡದಿಗೆ ನಮ್ಮ ಸಾಹಿತ್ಯವು ಎಲ್ಲಿಯೂ ಬಾಯಿ ಕೊಡಲಿಲ್ಲವೇ? ಕೊಟ್ಟಿದೆ, ಅದನ್ನು ನೋಡಲು ಬಹುದೂರ ಹೋಗಬೇಕಾಗಿಲ್ಲ. ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಹೋದರೆ ಸಾಕು. ಕೃಷ್ಣೆಯ ಈಚೆಯ ದಂಡೆಯಲ್ಲಿ ತಂಗಡಗಿ, ಆಚೆಯ ದಂಡೆಯ ಕಡೆಗೆ ಕೂಡಲಸಂಗಮ. ಇದು ನೀಲಾಂಬಿಕೆಯ ಐಕ್ಯಸ್ಥಳವೆಂದು ಪರಂಪರೆಯು ಹೇಳುತ್ತದೆ. ಹಡಪದ ಅಪ್ಪಣ್ಣನ ಹೆಸರಿನ ಮಠವೂ ಇದೇ ಊರಿನಲ್ಲಿದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಈಗ ಈ ಹೊಳೆಯ ರೂಪವನ್ನೇ ಬದಲಿಸಿದೆ. ಆದರೆ ದಂಡೆಯ ಮೇಲೆ ನಿಂತವನಿಗೆ ಕಥೆಯ ಭೂಗೋಲವು ಇಂದಿಗೂ ಸ್ಪಷ್ಟವಾಗಿ ಕಾಣುವದು.

ಕಥೆಯು ಹೀಗಿದೆ. ಕಲ್ಯಾಣವು ಕೆಟ್ಟಿತು. ಬಸವಣ್ಣನು ಸಂಗಮಕ್ಕೆ ಬಂದನು. ಅಲ್ಲಿಂದ ಅಪ್ಪಣ್ಣನನ್ನು ಕಳಿಸಿ ಮಡದಿಯನ್ನು ಕರೆತರಲು ಹೇಳಿದನು. ಅಪ್ಪಣ್ಣನು ಹೋಗಿ ಬಿನ್ನೈಸಿದಾಗ ನೀಲಾಂಬಿಕೆಯು ಕೇಳಿದ ಮಾತಿನ ತಾತ್ಪರ್ಯವಿಷ್ಟು: ಅಲ್ಲಿರುವ ಸಂಗಯ್ಯನು ಇಲ್ಲಿ ಇಲ್ಲವೇ? ಆದರೂ ಅವಳು ಹೊರಟಳು. ಹೊಳೆಯ ಈಚೆಯ ದಂಡೆಗೆ ಬರುವಷ್ಟರಲ್ಲಿ ಬಸವಣ್ಣನು ಐಕ್ಯನಾದ ಸುದ್ದಿ ಮುಟ್ಟಿತು. ಅವಳು ಹೊಳೆ ದಾಟಲಿಲ್ಲ. ನಿಂತಲ್ಲಿಯೇ ಐಕ್ಯಳಾದಳು.

ಇದರಲ್ಲಿ ಪವಾಡವಿಲ್ಲವೆಂಬುದನ್ನು ನೋಡಿರಿ. ಸೀರೆಯ ಪ್ರಸಂಗದಲ್ಲಿ ದೇವರು ಅವಳ ಪರವಾಗಿ ಉತ್ತರ ಕೊಟ್ಟನು. ಇಲ್ಲಿ ಅವಳೇ ಕೊಟ್ಟಳು. ಗಂಡನ ಕರೆಯನ್ನು ಅವಳು ತಳ್ಳಿಹಾಕಲಿಲ್ಲ, ಹೊರಟು ಬಂದಳು. ಆದರೆ ಗಂಡನಿರುವ ಸ್ಥಳವೇ ದೇವರಿರುವ ಸ್ಥಳವೆಂಬುದನ್ನು ಒಪ್ಪಲೂ ಇಲ್ಲ. ಗಂಡನಿಂದಲೇ ಕಲಿತ ತತ್ತ್ವವನ್ನು ಗಂಡನ ಮುಂದೆಯೇ ಇಟ್ಟಳು. ದೇಹವೇ ದೇಗುಲವಾದರೆ ಸಂಗಮಕ್ಕೆ ಏಕೆ ಓಡಬೇಕು? ಬಸವಣ್ಣನ ಉಪದೇಶವನ್ನು ಯಾರು ನಿಜವಾಗಿ ಅರಿತರೆಂದು ಕೇಳಿದರೆ, ಸಾವಿರ ಶಿಷ್ಯರ ಜಯಕಾರಕ್ಕಿಂತ ಈ ಒಂದು ಪ್ರಶ್ನೆಯೇ ದೊಡ್ಡ ಸಾಕ್ಷಿ. ನೂರಕ್ಕೂ ಮಿಕ್ಕಿದ ವಚನಗಳು ನೀಲಮ್ಮನ ಹೆಸರಿನಲ್ಲಿ ಉಳಿದಿವೆ. ಪುರಾಣದ ಮೂಕ ಮಡದಿಯೂ ವಚನಗಳ ಈ ಗಟ್ಟಿದನಿಯ ಹೆಣ್ಣುಮಗಳೂ ಒಂದೇ ಮನೆಯವರೆಂದು ನಂಬುವದು ಕಷ್ಟ. ಪಾತ್ರವು ಬರೆದವನ ಕೈಯಲ್ಲಿ ಹೇಗೆ ಬೇರೆಯಾಗುವದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಇಬ್ಬರು ತಾಯಂದಿರು

ಹೊಸಗಾಲದ ಬರಹಗಾರರು ಈ ಕಥೆಗೆ ಮತ್ತೆ ಮತ್ತೆ ಬಂದಿದ್ದಾರೆ. ಬಿ. ಪುಟ್ಟಸ್ವಾಮಯ್ಯನವರು ಆರು ಕಾದಂಬರಿಗಳ ದೊಡ್ಡ ಮಾಲೆಯನ್ನೇ ಬರೆದರು. ಅದರ ಕೊನೆಯ ‘ಕ್ರಾಂತಿ ಕಲ್ಯಾಣ’ಕ್ಕೆ ೧೯೬೪ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪಿ. ಲಂಕೇಶರ ‘ಸಂಕ್ರಾಂತಿ’ (೧೯೭೧), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (೧೯೮೬) ನಾಟಕಗಳು ಬಂದವು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ವಚನಗಳ ಸಂಶೋಧನೆಯ ಜೊತೆಗೆ ‘ಕೆಟ್ಟಿತ್ತು ಕಲ್ಯಾಣ’ವೆಂಬ ನಾಟಕವನ್ನೂ ಬರೆದರು. ಅವರನ್ನು ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಹಳೆಯ ಕಥೆಯನ್ನು ಪ್ರಶ್ನಿಸಿ ಓದುವದು ಕೇವಲ ಹೊತ್ತು ಕಳೆಯುವ ಮಾತಲ್ಲವೆಂಬುದಕ್ಕೆ ಇಂಥ ದುಃಖದ ಸಾಕ್ಷಿಯೂ ನಮ್ಮ ಸೀಮೆಗೆ ದೊರೆತಂತಾಯಿತು.

ಈ ಕೃತಿಗಳೆಲ್ಲವನ್ನು ಇಲ್ಲಿ ಬಿಡಿಸಿ ನೋಡಲು ಸ್ಥಳವಿಲ್ಲ. ‘ತಲೆದಂಡ’ದ ಮದುವೆಯೊಂದನ್ನು ಮಾತ್ರ ನೋಡೋಣ. ಚಮ್ಮಾರನಾಗಿದ್ದ ಶರಣ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣನಾಗಿದ್ದ ಶರಣ ಮಧುವರಸನ ಮಗಳು ಕಲಾವತಿಗೂ ಮದುವೆಯ ನಿಶ್ಚಯವಾಗುತ್ತದೆ. ಜಾತಿಯನ್ನು ಬಿಟ್ಟೆವೆಂದು ಹೇಳುವವರಿಗೆಲ್ಲ ಇದೇ ಕೊನೆಯ ಪರೀಕ್ಷೆ. ಹಳೆಯ ಪುರಾಣಗಳಲ್ಲಿ ಇದು ಶರಣರ ಮಹಿಮೆಯ ಪ್ರಸಂಗ. ಕಾರ್ನಾಡರಲ್ಲಿ ಬಸವಣ್ಣನೇ ಒಂದು ಕ್ಷಣ ಹಿಂಜರಿಯುತ್ತಾನೆ. ತತ್ತ್ವದಲ್ಲಿ ಅವನಿಗೆ ಸಂಶಯವಿಲ್ಲ. ಮುಂದೆ ಬೀಳುವ ಏಟು ಯಾರ ಬೆನ್ನಿಗೆ ಬಿದ್ದೀತೆಂದು ಬಲ್ಲವನಾದುದರಿಂದ ಅವನು ಹೆದರುತ್ತಾನೆ. ಅದೇ ಹೊತ್ತಿಗೆ ನಾಟಕಕಾರರು ಎರಡೂ ಮನೆಗಳ ತಾಯಂದಿರನ್ನು ರಂಗಕ್ಕೆ ತರುತ್ತಾರೆ. ಗಂಡಸರು ಸಮಾನತೆಯ ಮಾತಾಡುವಾಗ ತಾಯಂದಿರಿಗೆ ನಾಳಿನ ಚಿಂತೆ. ಬೇರೆ ಬೇರೆ ಕಸುಬಿನ, ಬೇರೆ ಬೇರೆ ಅಡಿಗೆಮನೆಯ ಎರಡು ಬಾಳುಗಳು ಒಂದೇ ಸೂರಿನ ಕೆಳಗೆ ಹೇಗೆ ಹೊಂದಬೇಕೆಂಬುದು ಅವರ ಅಳಲು. ಮದುವೆಯು ಆಗುತ್ತದೆ. ಹರಳಯ್ಯ ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸುತ್ತಾರೆ. ಕಲ್ಯಾಣವು ಉರಿಯುತ್ತದೆ.

ತಾಯಂದಿರು ಹೆದರಿದ್ದು ತಪ್ಪೇ? ತಪ್ಪೆಂದರೆ ನಾವು ಮನೆ ನಡೆಸಿ ಬಲ್ಲವರಲ್ಲವೆಂದಾಯಿತು. ಹಾಗಾದರೆ ಮದುವೆಯೇ ತಪ್ಪೇ? ತಪ್ಪೆಂದರೆ ಬಸವಣ್ಣನು ಬಾಗೇವಾಡಿಯಿಂದ ಹೊರಟದ್ದೇ ವ್ಯರ್ಥವಾಯಿತು. ಎರಡೂ ಸರಿಯಾಗಿರುವಲ್ಲಿಯೇ ದುರಂತವು ಹುಟ್ಟುವದು. ಒಳ್ಳೆಯ ಕೃತಿಯು ಅವೆರಡನ್ನೂ ಓದುಗನ ಮನೆಯೊಳಗೆ ತಂದಿಟ್ಟು ಹೋಗುತ್ತದೆ. ತೀರ್ಪು ಕೊಡುವ ಕೆಲಸವನ್ನು ನಮಗೇ ಬಿಡುತ್ತದೆ. ಇಂದಿಗೂ ನಮ್ಮ ಊರುಗಳಲ್ಲಿ ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದೆ ನಡೆದ ಹಿರಿಯರು, ತಮ್ಮ ಮಗಳು ಬೇರೆ ಜಾತಿಯ ವರನನ್ನು ಬಯಸಿದಳೆಂದು ಕೇಳಿದ ದಿನ ಏನು ಮಾಡುತ್ತಾರೆಂಬುದನ್ನು ವಾಚಕರಿಗೆ ನಾನು ತಿಳಿಸಬೇಕಾದುದಿಲ್ಲ. ಆ ರಾತ್ರಿ ಆ ಮನೆಯಲ್ಲಿ ‘ತಲೆದಂಡ’ದ ಒಂದು ಅಂಕವು ನಡೆಯುತ್ತಿರುತ್ತದೆ; ನೋಡುವ ಜನರು ಮಾತ್ರ ಇಲ್ಲ.

ಆದುದರಿಂದ ಮನೆಯಲ್ಲಿ ಕೂಡಿ ಓದುವವರಿಗೆ ನನ್ನದೊಂದು ಸೂಚನೆ. ಹಳೆಯ ಕಾವ್ಯವಾಗಲಿ ಹೊಸ ನಾಟಕವಾಗಲಿ, ಓದಿ ಮುಗಿಸಿದ ಮೇಲೆ ಗ್ರಂಥವನ್ನು ಕಟ್ಟಿಡುವ ಮೊದಲು ಒಂದು ಗಳಿಗೆ ಸುಮ್ಮನೆ ಕೂಡಿರಿ. ಕಥೆಯಲ್ಲಿ ಮಾತಾಡದೆ ಉಳಿದವರು ಯಾರೆಂದು ಎಣಿಸಿರಿ: ಬಾಗೇವಾಡಿಯಲ್ಲಿ ಉಳಿದ ಅಜ್ಜಿ, ಸೀರೆ ಕೊಟ್ಟ ಮಡದಿ, ಮದುಮಗಳ ತಾಯಿ. ಮನೆಯ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಅವರು ಏನೆಂದಿದ್ದಾರೆಂದು ಕೇಳಿರಿ. ಇದರಿಂದ ನಾಯಕನ ಮಹಿಮೆಗೆ ಕುಂದು ಬಾರದು. ಬಸವಣ್ಣನ ಪಾತ್ರವು ಎಂಟುನೂರು ವರುಷ ಇಂಥ ಪ್ರಶ್ನೆಗಳನ್ನು ತಾಳಿಕೊಂಡಿದೆ. ಪ್ರತಿಯೊಂದು ಪ್ರಶ್ನೆಯ ನಂತರ ಅದು ಮನುಷ್ಯರಿಗೆ ಇನ್ನಷ್ಟು ಹತ್ತಿರವಾಗಿದೆ.

ಪುರಾಣದ ಕಟ್ಟೆಯ ಆ ಮುದುಕಿಯು ತೀರಿಹೋಗಿ ಬಹಳ ವರುಷಗಳಾದವು. ಅವಳು ತಂಗಡಗಿಗೆ ಎಂದಾದರೂ ಹೋಗಿದ್ದಳೋ ಇಲ್ಲವೋ ನಾನು ಅರಿಯೆ. ಹ್ವಾದ ವರುಷ ಆ ದಂಡೆಯ ಮೇಲೆ ನಿಂತು ಸಂಗಮದ ಕಡೆಗೆ ನೋಡುವಾಗ ನನಗೆ ಅವಳ ನೆನಪಾಯಿತು. ಗಂಡ ಕೇಳಬೇಕಿತ್ತಲ್ಲವೆಂದು ಅವಳು ಅಂದಿದ್ದಳು. ಹೊಳೆಯ ಈ ದಂಡೆಯವರೆಗೆ ಬಂದು ನಿಂತ ಆ ತಾಯಿಯೂ ಅದನ್ನೇ ಅಂದಿದ್ದಳು. ಕೇಳಬೇಕಾದವರು ಹೊಳೆಯಾಚೆಗೆ ಇದ್ದರು.